ಫೈಬ್ರೊಮಯಾಲ್ಜಿಯಾ ಮತ್ತು ಮೆದುಳಿನ ರಕ್ತಪರಿಚಲನೆ

ಫೈಬ್ರೊಮಯಾಲ್ಜಿಯಾ ಎಂಬುದು ದೇಹದ ಹಲವು ಭಾಗಗಳಲ್ಲಿ ದೀರ್ಘಕಾಲ ಕಾಡುವ ನೋವು, ತೀವ್ರ ಆಯಾಸ, ಎಷ್ಟು ಮಲಗಿದರೂ ಚೈತನ್ಯ ನೀಡದ ನಿದ್ರೆ ಹಾಗೂ ನೆನಪು ಮತ್ತು ಏಕಾಗ್ರತೆಯ ತೊಂದರೆಗಳಿಂದ ಕೂಡಿದ ಒಂದು ಅಸ್ವಸ್ಥತೆ. ಈ ಅಸ್ವಸ್ಥತೆ ಇರುವವರ ಮೆದುಳಿನ ಕೆಲವು ಭಾಗಗಳಲ್ಲಿ ರಕ್ತದ ಹರಿವು ಆರೋಗ್ಯವಂತರಲ್ಲಿ ಇರುವುದಕ್ಕಿಂತ ಭಿನ್ನವಾಗಿರುತ್ತದೆ ಎಂಬುದನ್ನು 1990ರ ದಶಕದ ಮಧ್ಯಭಾಗದಿಂದ ನಡೆದ ಹಲವಾರು ಅಧ್ಯಯನಗಳು ತೋರಿಸಿವೆ. ಸಾಮಾನ್ಯ ರಕ್ತಪರೀಕ್ಷೆಯಲ್ಲಾಗಲಿ ಕ್ಷಕಿರಣ ಚಿತ್ರದಲ್ಲಾಗಲಿ ಯಾವ ದೋಷವೂ ಕಾಣದ ಕಾರಣ ಬಹುಕಾಲ ಸಂಶಯಕ್ಕೆ ಗುರಿಯಾಗಿದ್ದ ಈ ನೋವಿಗೆ ನರವ್ಯೂಹದಲ್ಲಿ ಆಧಾರವಿದೆ ಎಂಬ ಅರಿವು ಮೂಡುವುದರಲ್ಲಿ ಈ ಅಧ್ಯಯನಗಳ ಪಾತ್ರ ದೊಡ್ಡದು. ಆದರೆ ಇವು ರೋಗಪತ್ತೆಯ ಸಾಧನಗಳಾಗಿ ಬಳಕೆಗೆ ಬಂದಿಲ್ಲ.

ಹೆಸರು ಮತ್ತು ಹಿನ್ನೆಲೆ

‘ಫೈಬ್ರೊಮಯಾಲ್ಜಿಯಾ’ ಎಂಬುದು ಮೂರು ಪದಗಳಿಂದ ಆದುದು. ಲ್ಯಾಟಿನ್ ಭಾಷೆಯ ‘ಫೈಬ್ರಾ’ ಎಂದರೆ ನಾರು, ಗ್ರೀಕ್ ಭಾಷೆಯ ‘ಮೈಸ್’ ಎಂದರೆ ಸ್ನಾಯು, ‘ಆಲ್ಗೊಸ್’ ಎಂದರೆ ನೋವು. ಅಂದರೆ ಹೆಸರಿನ ಅರ್ಥ ನಾರು ಮತ್ತು ಸ್ನಾಯುಗಳ ನೋವು ಎಂದಾಗುತ್ತದೆ. ಇದಕ್ಕೂ ಹಿಂದೆ, 1904ರಲ್ಲಿ, ಬ್ರಿಟನ್ನಿನ ನರರೋಗ ತಜ್ಞ ವಿಲಿಯಂ ಗೋವರ್ಸ್ ಈ ಬಗೆಯ ನೋವಿಗೆ ‘ಫೈಬ್ರೊಸೈಟಿಸ್’ ಎಂಬ ಪದವನ್ನು ಬಳಸಿದ್ದರು. ನಾರಿನ ಅಂಗಾಂಶಗಳಲ್ಲಿ ಉರಿಯೂತ ಉಂಟಾಗುವುದೇ ಕಾರಣ ಎಂಬ ಊಹೆ ಆ ಹೆಸರಿನಲ್ಲಿ ಅಡಗಿತ್ತು. ಸ್ನಾಯುಗಳ ಪರೀಕ್ಷೆಯಲ್ಲಿ ಅಂಥ ಉರಿಯೂತವು ಕಂಡುಬರದ ಕಾರಣ ಆ ಹೆಸರು ಹಿಂದೆ ಸರಿದು, 1976ರಲ್ಲಿ ಬಂದ ಫೈಬ್ರೊಮಯಾಲ್ಜಿಯಾ ಎಂಬ ಹೆಸರು ಕ್ರಮೇಣ ರೂಢಿಗೆ ಬಂದಿತು.

ಹೆಸರು ಸ್ನಾಯುವನ್ನು ಸೂಚಿಸಿದರೂ ಸಂಶೋಧಕರ ಗಮನ ಕಾಲಕ್ರಮೇಣ ನರವ್ಯೂಹದ ಕಡೆಗೆ ಹೊರಳಿತು. 1975ರಲ್ಲಿ ಹಾರ್ವೆ ಮೊಲ್ಡಾಫ್‌ಸ್ಕಿ ಮತ್ತು ಅವರ ಸಹವರ್ತಿಗಳು ಈ ರೋಗಿಗಳ ಗಾಢನಿದ್ರೆಯ ಮೆದುಳಿನ ವಿದ್ಯುತ್ ಅಲೆಗಳಲ್ಲಿ ಎಚ್ಚರದ ಸ್ಥಿತಿಯ ಅಲೆಗಳು ನುಸುಳುವುದನ್ನು ವರದಿ ಮಾಡಿದರು. 1983ರಲ್ಲಿ ಕ್ಲಿಫರ್ಡ್ ವುಲ್ಫ್ ಅವರು ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಪದೇ ಪದೇ ನೋವಿನ ಸಂದೇಶ ಬಂದಾಗ ಮೆದುಳುಬಳ್ಳಿಯ ನರಕೋಶಗಳೇ ಅತಿಸಂವೇದಿಗಳಾಗುತ್ತವೆ ಎಂದು ತೋರಿಸಿದರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫೈಬ್ರೊಮಯಾಲ್ಜಿಯಾ ಇರುವವರ ಮೆದುಳುಬಳ್ಳಿಯ ದ್ರವದಲ್ಲಿ ನೋವಿನ ಸಂದೇಶವಾಹಕವಾದ ‘ಸಬ್‌ಸ್ಟನ್ಸ್ ಪಿ’ ಎಂಬ ವಸ್ತು ಆರೋಗ್ಯವಂತರಲ್ಲಿ ಇರುವುದರ ಸುಮಾರು ಮೂರು ಪಟ್ಟು ಇರುವುದು ಕಂಡುಬಂದಿತು. ಮೆದುಳಿನ ರಕ್ತದ ಹರಿವನ್ನು ಅಳೆಯುವ ಪ್ರಯತ್ನಗಳು ಈ ಹಿನ್ನೆಲೆಯಲ್ಲಿ ಆರಂಭವಾದವು.

ಮೆದುಳಿನ ರಕ್ತಪರಿಚಲನೆ: ಸಾಮಾನ್ಯ ಸ್ಥಿತಿ

ವಯಸ್ಕರ ಮೆದುಳಿನ ತೂಕ ದೇಹದ ತೂಕದ ಶೇಕಡಾ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯ ಸ್ಥಿತಿಯಲ್ಲಿ ಹೃದಯವು ಹೊರದೂಡುವ ರಕ್ತದಲ್ಲಿ ಸುಮಾರು ಶೇಕಡಾ 15ರಷ್ಟು ಅದಕ್ಕೆ ಸಲ್ಲುತ್ತದೆ, ದೇಹವು ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಅದು ಬಳಸುತ್ತದೆ. ಕತ್ತಿನ ಮುಂಭಾಗದ ಎರಡು ಕೆರೋಟಿಡ್ ಅಪಧಮನಿಗಳು ಮತ್ತು ಹಿಂಭಾಗದ ಎರಡು ವರ್ಟಿಬ್ರಲ್ ಅಪಧಮನಿಗಳು ಈ ರಕ್ತವನ್ನು ಒಯ್ಯುತ್ತವೆ. ಸರಾಸರಿ ಲೆಕ್ಕದಲ್ಲಿ ಮೆದುಳಿನ ಪ್ರತಿ 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ನರಕೋಶಗಳು ದಟ್ಟವಾಗಿರುವ ಬೂದುದ್ರವ್ಯಕ್ಕೆ ಹೆಚ್ಚು, ನರತಂತುಗಳಿರುವ ಶ್ವೇತದ್ರವ್ಯಕ್ಕೆ ಕಡಿಮೆ.

ಮೆದುಳು ಗ್ಲೂಕೋಸನ್ನಾಗಲಿ ಆಮ್ಲಜನಕವನ್ನಾಗಲಿ ಹೆಚ್ಚು ಕೂಡಿಟ್ಟುಕೊಳ್ಳಲಾರದು. ಆದ್ದರಿಂದ ಕೆಲಸ ಹೆಚ್ಚಾದ ಭಾಗಕ್ಕೆ ಆ ಕ್ಷಣದಲ್ಲೇ ಹೆಚ್ಚು ರಕ್ತ ತಲುಪಬೇಕು. ಓದುವಾಗ ಒಂದು ಭಾಗಕ್ಕೆ, ಬೆರಳು ಆಡಿಸುವಾಗ ಇನ್ನೊಂದು ಭಾಗಕ್ಕೆ ರಕ್ತದ ಹರಿವು ಏರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಆಂಜೆಲೊ ಮೊಸ್ಸೊ ಅವರು ಪೆಟ್ಟಿನಿಂದ ತಲೆಬುರುಡೆಯಲ್ಲಿ ರಂಧ್ರ ಉಳಿದಿದ್ದ ವ್ಯಕ್ತಿಗಳಲ್ಲಿ ಮೆದುಳಿನ ಮಿಡಿತವನ್ನು ದಾಖಲಿಸಿ, ಮನಸ್ಸು ಕೆಲಸ ಮಾಡುವಾಗ ಆ ಮಿಡಿತ ಬದಲಾಗುವುದನ್ನು ಗಮನಿಸಿದ್ದರು. 1890ರಲ್ಲಿ ಚಾರ್ಲ್ಸ್ ರಾಯ್ ಮತ್ತು ಚಾರ್ಲ್ಸ್ ಶೆರಿಂಗ್ಟನ್ ಅವರು ಮೆದುಳಿನ ಚಟುವಟಿಕೆಗೆ ತಕ್ಕಂತೆ ಅದರ ರಕ್ತಪೂರೈಕೆಯು ಆಯಾ ಸ್ಥಳದಲ್ಲೇ ಹೊಂದಿಕೊಳ್ಳುತ್ತದೆ ಎಂಬ ವಿಚಾರವನ್ನು ಮಂಡಿಸಿದರು. ರಕ್ತದ ಹರಿವನ್ನು ನೋಡಿ ಮೆದುಳಿನ ಚಟುವಟಿಕೆಯನ್ನು ಊಹಿಸುವ ಇಂದಿನ ಎಲ್ಲ ವಿಧಾನಗಳಿಗೂ ಈ ತತ್ತ್ವವೇ ತಳಹದಿ. ಹೊಲಕ್ಕೆ ಹರಿಯುವ ಕಾಲುವೆಯ ನೀರನ್ನು ನೋಡಿ ಯಾವ ಹೊಲದಲ್ಲಿ ಬೇಸಾಯ ಚುರುಕಾಗಿದೆ ಎಂದು ಹೇಳುವುದಕ್ಕೆ ಇದನ್ನು ಹೋಲಿಸಬಹುದು. ಬೇಸಾಯವನ್ನು ನೇರವಾಗಿ ನೋಡಿದಂತೆ ಆಗಲಿಲ್ಲ, ಆದರೆ ಸುಳಿವು ದೊರೆತಂತಾಯಿತು.

ಅಳೆಯುವ ವಿಧಾನಗಳು

ಮಾನವರ ಇಡೀ ಮೆದುಳಿಗೆ ಹರಿಯುವ ರಕ್ತವನ್ನು ಲೆಕ್ಕ ಹಾಕುವ ವಿಧಾನವನ್ನು 1945ರಲ್ಲಿ ಸೀಮರ್ ಕೆಟಿ ಮತ್ತು ಕಾರ್ಲ್ ಶ್ಮಿಟ್ ಪ್ರಕಟಿಸಿದರು. ಅದರಲ್ಲಿ ನಗೆ ಅನಿಲ ಎಂದು ಹೆಸರಾದ ನೈಟ್ರಸ್ ಆಕ್ಸೈಡನ್ನು ಬಳಸಲಾಗಿತ್ತು. ಮೆದುಳಿನ ಬೇರೆಬೇರೆ ಭಾಗಗಳನ್ನು ಪ್ರತ್ಯೇಕವಾಗಿ ನೋಡುವ ವಿಧಾನಗಳು ನಂತರ ಬಂದವು. ಫೈಬ್ರೊಮಯಾಲ್ಜಿಯಾದ ಅಧ್ಯಯನದಲ್ಲಿ ಮುಖ್ಯವಾಗಿ ಬಳಕೆಯಾದವು ಇವು:

ಸ್ಪೆಕ್ಟ್: ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ಧಾತುವನ್ನು ಕೂಡಿಸಿದ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ರಕ್ತನಾಳಕ್ಕೆ ಚುಚ್ಚಲಾಗುತ್ತದೆ. ಅದು ರಕ್ತದೊಡನೆ ಮೆದುಳನ್ನು ಸೇರಿ, ಹೆಚ್ಚು ರಕ್ತ ಹರಿದಲ್ಲಿ ಹೆಚ್ಚಾಗಿಯೂ ಕಡಿಮೆ ಹರಿದಲ್ಲಿ ಕಡಿಮೆಯಾಗಿಯೂ ನೆಲೆಸುತ್ತದೆ. ಬಳಿಕ ಗಾಮಾ ಕ್ಯಾಮೆರಾ ತಲೆಯ ಸುತ್ತ ತಿರುಗಿ ಚಿತ್ರವನ್ನು ರಚಿಸುತ್ತದೆ. ಈ ಧಾತುವಿನ ಅರ್ಧಾಯುಷ್ಯ ಸುಮಾರು 6 ಗಂಟೆ.

ಪೆಟ್: ಇನ್ನೂ ಅಲ್ಪಾಯುಷಿಯಾದ ವಿಕಿರಣಶೀಲ ಧಾತುಗಳನ್ನು ಬಳಸುವ ವಿಧಾನ. ರಕ್ತದ ಹರಿವಿನ ಜೊತೆಗೆ ನರಕೋಶಗಳ ಮೇಲಿನ ಗ್ರಾಹಕಗಳ ಲಭ್ಯತೆಯನ್ನೂ ಇದರಿಂದ ಅಳೆಯಬಹುದು.

ಎಫ್‌ಎಂಆರ್‌ಐ: 1990ರಲ್ಲಿ ಸೆಇಜಿ ಒಗಾವ ಮತ್ತು ಸಹವರ್ತಿಗಳು ವಿವರಿಸಿದ ತತ್ತ್ವವನ್ನು ಅವಲಂಬಿಸಿದ ವಿಧಾನ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ಗಳ ಕಾಂತೀಯ ಗುಣ ಬೇರೆಬೇರೆ. ಚುರುಕಾದ ಭಾಗಕ್ಕೆ ಹೊಸ ರಕ್ತ ನುಗ್ಗಿದಾಗ ಉಂಟಾಗುವ ಈ ವ್ಯತ್ಯಾಸವನ್ನು ಯಂತ್ರ ಗುರುತಿಸುತ್ತದೆ. ಇದರಲ್ಲಿ ವಿಕಿರಣದ ಬಳಕೆ ಇಲ್ಲ.

ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್: ಕಪೋಲದ ಮೇಲ್ಭಾಗದ ತೆಳುವಾದ ಎಲುಬಿನ ಮೂಲಕ ಶ್ರವಣಾತೀತ ಧ್ವನಿಯನ್ನು ಹಾಯಿಸಿ, ಮೆದುಳಿನ ದೊಡ್ಡ ಅಪಧಮನಿಗಳಲ್ಲಿ ರಕ್ತ ಸಾಗುವ ವೇಗವನ್ನು ಕ್ಷಣಕ್ಷಣಕ್ಕೂ ಅಳೆಯುವ ವಿಧಾನ. ಯಾವ ಭಾಗ ಎಂಬುದನ್ನು ಇದು ಸೂಕ್ಷ್ಮವಾಗಿ ಹೇಳಲಾರದಾದರೂ ಯಾವಾಗ ಎಂಬುದನ್ನು ಚೆನ್ನಾಗಿ ಹೇಳುತ್ತದೆ.

ಪ್ರಮುಖ ಅಧ್ಯಯನಗಳು

ವಿಶ್ರಾಂತಿಯಲ್ಲಿ ರಕ್ತದ ಹರಿವು

ಈ ವಿಷಯದಲ್ಲಿ ಮೊದಲು ಗಮನ ಸೆಳೆದ ಅಧ್ಯಯನವು 1995ರಲ್ಲಿ ಪ್ರಕಟವಾಯಿತು. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಜೇಮ್ಸ್ ಮೌಂಟ್ಜ್ ಮತ್ತು ಸಹವರ್ತಿಗಳು ಫೈಬ್ರೊಮಯಾಲ್ಜಿಯಾ ಇದ್ದ 10 ಮಹಿಳೆಯರನ್ನೂ 7 ಆರೋಗ್ಯವಂತ ಮಹಿಳೆಯರನ್ನೂ ಸ್ಪೆಕ್ಟ್ ವಿಧಾನದಿಂದ ಪರೀಕ್ಷಿಸಿದರು. ರೋಗಿಗಳ ಗುಂಪಿನಲ್ಲಿ ಥಲಾಮಸ್ ಮತ್ತು ಕಾಡೇಟ್ ನ್ಯೂಕ್ಲಿಯಸ್ ಎಂಬ ಎರಡು ಒಳಭಾಗಗಳಿಗೆ ರಕ್ತದ ಹರಿವು ಕಡಿಮೆ ಇತ್ತು. ಅದೇ ಮಹಿಳೆಯರಲ್ಲಿ ಒತ್ತಡದಿಂದ ನೋವು ಆರಂಭವಾಗುವ ಮಿತಿಯೂ ಕೆಳಮಟ್ಟದಲ್ಲಿತ್ತು. ಥಲಾಮಸ್ ಎಂಬುದು ದೇಹದಿಂದ ಬರುವ ಸಂವೇದನೆಗಳನ್ನು ಮೆದುಳಿನ ಹೊರಪದರಕ್ಕೆ ಹಂಚುವ ಕೇಂದ್ರ. ಕಾಡೇಟ್ ನ್ಯೂಕ್ಲಿಯಸ್ ಚಲನೆ ಮತ್ತು ಕಲಿಕೆಯಲ್ಲಿ ಭಾಗವಹಿಸುತ್ತದೆ, ನೋವಿನ ಸಂದೇಶಗಳಿಗೂ ಸ್ಪಂದಿಸುತ್ತದೆ.

2000ದಲ್ಲಿ ಆಸ್ಟ್ರೇಲಿಯಾದ ರಿಚರ್ಡ್ ಕ್ವಿಯಾಟೆಕ್ ಮತ್ತು ಸಹವರ್ತಿಗಳು 17 ಮಹಿಳಾ ರೋಗಿಗಳನ್ನು 22 ಆರೋಗ್ಯವಂತ ಮಹಿಳೆಯರೊಡನೆ ಹೋಲಿಸಿದರು. ಬಲಬದಿಯ ಥಲಾಮಸ್‌ನಲ್ಲಿ ರಕ್ತದ ಹರಿವು ಕಡಿಮೆ ಇರುವುದು ಇಲ್ಲಿಯೂ ಕಂಡುಬಂದಿತು. ಜೊತೆಗೆ ಮೆದುಳಿನ ಕಾಂಡದ ಪಾನ್ಸ್ ಎಂಬ ಭಾಗದಲ್ಲಿಯೂ ಅಂಥದೇ ಇಳಿಕೆ ಇತ್ತು. ಆದರೆ ಕಾಡೇಟ್ ನ್ಯೂಕ್ಲಿಯಸ್‌ನ ಕುರಿತ ಹಿಂದಿನ ಫಲಿತಾಂಶವು ಇಲ್ಲಿ ಪುನರಾವರ್ತನೆಯಾಗಲಿಲ್ಲ. ಒಂದೇ ವಿಧಾನವನ್ನು ಬಳಸಿದ ಎರಡು ಅಧ್ಯಯನಗಳು ಭಾಗಶಃ ಮಾತ್ರ ಹೊಂದಿಕೆಯಾದುದು ಈ ಕ್ಷೇತ್ರದಲ್ಲಿ ಮುಂದೆಯೂ ಕಾಣುವ ಲಕ್ಷಣ.

2008ರಲ್ಲಿ ಫ್ರಾನ್ಸಿನ ಮಾರ್ಸೇ ನಗರದ ಎರಿಕ್ ಗೆಜ್ ಮತ್ತು ಸಹವರ್ತಿಗಳು 20 ಮಹಿಳಾ ರೋಗಿಗಳನ್ನೂ 10 ಆರೋಗ್ಯವಂತ ಮಹಿಳೆಯರನ್ನೂ ಪರೀಕ್ಷಿಸಿ, ಇಡೀ ಮೆದುಳನ್ನು ಗಣಕಯಂತ್ರದ ನೆರವಿನಿಂದ ಹೋಲಿಸಿದರು. ಸ್ಪರ್ಶ ಮತ್ತು ನೋವಿನ ತೀವ್ರತೆಯನ್ನು ಗುರುತಿಸುವ ಸಂವೇದನಾ ಹೊರಪದರದಲ್ಲಿ ರಕ್ತದ ಹರಿವು ಹೆಚ್ಚಾಗಿತ್ತು. ನೋವಿಗೆ ಭಾವನಾತ್ಮಕ ಸ್ಪಂದನೆ ನೀಡುವ ಮುಂಭಾಗ, ಸಿಂಗ್ಯುಲೇಟ್, ಕಪೋಲ ಭಾಗಗಳಲ್ಲಿ ಹಾಗೂ ಅನುಮಸ್ತಿಷ್ಕದಲ್ಲಿ ಕಡಿಮೆಯಾಗಿತ್ತು. ಈ ಬದಲಾವಣೆಗಳು ರೋಗದಿಂದ ದೈನಂದಿನ ಬದುಕಿಗೆ ಆಗುವ ತೊಂದರೆಯ ಮಟ್ಟಕ್ಕೆ ಹೊಂದಿಕೊಂಡಿದ್ದವು, ಆತಂಕ ಮತ್ತು ಖಿನ್ನತೆಯ ಅಂಕಗಳಿಗೆ ಹೊಂದಿಕೊಂಡಿರಲಿಲ್ಲ. ಫೈಬ್ರೊಮಯಾಲ್ಜಿಯಾ ಎಂಬುದು ಖಿನ್ನತೆಯದೇ ಇನ್ನೊಂದು ಮುಖ ಎಂಬ ವಾದಕ್ಕೆ ಇದು ಒಂದು ಉತ್ತರವೆನಿಸಿದ್ದರಿಂದ ಈ ಅಧ್ಯಯನಕ್ಕೆ ಪ್ರಾಮುಖ್ಯ ದೊರೆಯಿತು.

ನೋವಿನ ಸಂದರ್ಭದಲ್ಲಿ ರಕ್ತದ ಹರಿವು

2002ರಲ್ಲಿ ಅಮೆರಿಕದ ರಿಚರ್ಡ್ ಗ್ರೇಸ್ಲಿ, ಡೇನಿಯಲ್ ಕ್ಲಾ ಮತ್ತು ಸಹವರ್ತಿಗಳು ಎಫ್‌ಎಂಆರ್‌ಐ ಬಳಸಿ ನಡೆಸಿದ ಪ್ರಯೋಗವು ಸರಳವಾದರೂ ನಿರ್ಣಾಯಕವೆನಿಸಿತು. 16 ರೋಗಿಗಳ ಮತ್ತು 16 ಆರೋಗ್ಯವಂತರ ಹೆಬ್ಬೆರಳಿನ ಉಗುರಿನ ಮೇಲೆ ಅಳತೆಯ ಒತ್ತಡ ಹಾಕಿ, ಅದೇ ಸಮಯದಲ್ಲಿ ಮೆದುಳನ್ನು ಗಮನಿಸಲಾಯಿತು. ಇಬ್ಬರಿಗೂ ಒಂದೇ ಪ್ರಮಾಣದ ಮೃದುವಾದ ಒತ್ತಡ ಹಾಕಿದಾಗ 13 ಭಾಗಗಳಲ್ಲಿ ರೋಗಿಗಳ ಸ್ಪಂದನೆ ಹೆಚ್ಚಾಗಿತ್ತು, ಆರೋಗ್ಯವಂತರ ಸ್ಪಂದನೆ ಹೆಚ್ಚಾಗಿದ್ದುದು 1 ಭಾಗದಲ್ಲಿ ಮಾತ್ರ. ಆರೋಗ್ಯವಂತರಿಗೂ ಅಷ್ಟೇ ನೋವಾಗುವವರೆಗೆ ಒತ್ತಡವನ್ನು ಹೆಚ್ಚಿಸಿದಾಗ ಎರಡೂ ಗುಂಪುಗಳ ಮೆದುಳಿನ ಸ್ಪಂದನೆ ಬಹುಮಟ್ಟಿಗೆ ಒಂದನ್ನೊಂದು ಹೋಲಿತು.

ಈ ಫಲಿತಾಂಶದ ಅರ್ಥ ಸ್ಪಷ್ಟವಾಗಿದೆ. ಮೃದುವಾದ ಒತ್ತಡಕ್ಕೆ ‘ನೋಯುತ್ತಿದೆ’ ಎಂದು ರೋಗಿ ಹೇಳಿದಾಗ, ಮೆದುಳಿನಲ್ಲಿಯೂ ತೀವ್ರ ನೋವಿಗೆ ಸಲ್ಲುವ ಸ್ಪಂದನೆಯೇ ಉಂಟಾಗಿರುತ್ತದೆ. ಮಾತಿಗೂ ಮೆದುಳಿನ ಚಿತ್ರಕ್ಕೂ ಹೊಂದಿಕೆ ಇದೆ. ನೋವನ್ನು ಹೆಚ್ಚಿಸಿ ಹೇಳುತ್ತಾರೆ ಎಂಬ ಆರೋಪವನ್ನು ಈ ಹೊಂದಿಕೆ ದುರ್ಬಲಗೊಳಿಸಿತು.

ಬೌದ್ಧಿಕ ಕೆಲಸದ ಸಂದರ್ಭದಲ್ಲಿ ರಕ್ತದ ಹರಿವು

ಫೈಬ್ರೊಮಯಾಲ್ಜಿಯಾ ಇರುವ ಅನೇಕರು ಹೇಳುವ ದೂರು ನೋವಿನದು ಮಾತ್ರವಲ್ಲ. ಓದಿದ್ದು ತಲೆಗೆ ಹತ್ತದಿರುವುದು, ಮಾತಿನ ಮಧ್ಯೆ ಪದ ಮರೆತುಹೋಗುವುದು, ಎರಡು ಕೆಲಸಗಳನ್ನು ಒಟ್ಟಿಗೆ ನಿಭಾಯಿಸಲಾಗದಿರುವುದು ಇವನ್ನೂ ಅವರು ಹೇಳುತ್ತಾರೆ. ಮಂಜು ಕವಿದಂತಾಗುವ ಈ ಸ್ಥಿತಿಯನ್ನು ಆಡುಮಾತಿನಲ್ಲಿ ‘ಫೈಬ್ರೊ ಫಾಗ್’ ಎನ್ನುತ್ತಾರೆ. ಡಾಪ್ಲರ್ ವಿಧಾನದಿಂದ ಸ್ಪೇನ್ ಮತ್ತು ಆಸ್ಟ್ರಿಯಾದ ಸಂಶೋಧಕರು ನಡೆಸಿದ ಅಧ್ಯಯನಗಳಲ್ಲಿ, ಗಮನವಿಟ್ಟು ಮಾಡಬೇಕಾದ ಕೆಲಸವನ್ನು ಕೊಟ್ಟಾಗ ಮೆದುಳಿನ ಅಪಧಮನಿಗಳಲ್ಲಿ ಕಾಣಬೇಕಾದ ರಕ್ತವೇಗದ ಏರಿಕೆಯು ರೋಗಿಗಳಲ್ಲಿ ಭಿನ್ನವಾಗಿದ್ದುದೂ, ಆ ಏರಿಕೆಯ ಆರಂಭದ ಹಂತ ಕುಗ್ಗಿದ್ದುದೂ ವರದಿಯಾಗಿದೆ. ನೋವು ನಿರಂತರವಾಗಿ ಮೆದುಳಿನ ಗಮನವನ್ನು ಸೆಳೆಯುತ್ತಿರುವುದರಿಂದ ಇತರ ಕೆಲಸಗಳಿಗೆ ದೊರೆಯುವ ಪಾಲು ಕಡಿಮೆಯಾಗುತ್ತದೆ ಎಂಬುದು ಇದಕ್ಕೆ ನೀಡಲಾಗಿರುವ ಒಂದು ವಿವರಣೆ.

ಸಂಭಾವ್ಯ ಕಾರಣಗಳು

ನೋವಿನ ಅತಿಸಂವೇದನೆ ಇರುವಾಗ ಥಲಾಮಸ್‌ಗೆ ರಕ್ತ ಹೆಚ್ಚು ಹರಿಯಬೇಕಲ್ಲವೇ, ಕಡಿಮೆಯೇಕೆ ಎಂಬ ಪ್ರಶ್ನೆ ಸಹಜ. ತಾತ್ಕಾಲಿಕ ನೋವಿನಲ್ಲಿ ಥಲಾಮಸ್‌ನ ಚಟುವಟಿಕೆ ಏರುತ್ತದೆ. ಆದರೆ ನರಗಳ ಹಾನಿಯಿಂದ ಉಂಟಾಗುವ ದೀರ್ಘಕಾಲದ ನೋವಿನಲ್ಲಿಯೂ ವಿಶ್ರಾಂತಿಯ ವೇಳೆ ಥಲಾಮಸ್‌ನ ರಕ್ತದ ಹರಿವು ತಗ್ಗಿರುವುದು ವರದಿಯಾಗಿದೆ. ಆದ್ದರಿಂದ ಇದು ಫೈಬ್ರೊಮಯಾಲ್ಜಿಯಾಕ್ಕೆ ಮಾತ್ರ ಸೀಮಿತವಾದ ಲಕ್ಷಣವಲ್ಲ. ಎಡೆಬಿಡದ ಸಂದೇಶಗಳಿಗೆ ಪ್ರತಿಯಾಗಿ ಥಲಾಮಸ್ ತನ್ನ ಚಟುವಟಿಕೆಯನ್ನು ತಗ್ಗಿಸಿಕೊಳ್ಳುತ್ತದೆ ಎಂಬುದು ಒಂದು ಊಹೆ. ನೋವನ್ನು ತಡೆಯುವ ನರಮಾರ್ಗಗಳು ದುರ್ಬಲವಾಗಿರುವುದರ ಕುರುಹು ಇದು ಎಂಬುದು ಇನ್ನೊಂದು ಊಹೆ.

ಮೆದುಳಿನಿಂದ ಮೆದುಳುಬಳ್ಳಿಯ ಕಡೆಗೆ ಇಳಿಯುವ ಕೆಲವು ನರಮಾರ್ಗಗಳು ನೋವಿನ ಸಂದೇಶವನ್ನು ದಾರಿಯಲ್ಲೇ ತಗ್ಗಿಸುತ್ತವೆ. ಫೈಬ್ರೊಮಯಾಲ್ಜಿಯಾದಲ್ಲಿ ಈ ತಡೆಯ ಶಕ್ತಿ ಕುಂದಿರುತ್ತದೆ. 2007ರ ಒಂದು ಪೆಟ್ ಅಧ್ಯಯನದಲ್ಲಿ, ದೇಹವೇ ತಯಾರಿಸುವ ನೋವುಶಾಮಕಗಳು ಕೂಡಿಕೊಳ್ಳಬೇಕಾದ ಗ್ರಾಹಕಗಳ ಲಭ್ಯತೆಯು ರೋಗಿಗಳ ಮೆದುಳಿನ ಕೆಲವು ಭಾಗಗಳಲ್ಲಿ ಕಡಿಮೆ ಇರುವುದು ಕಂಡುಬಂದಿತು. 2009ರಲ್ಲಿ, ನೋವಿನ ಅನುಭವದಲ್ಲಿ ಮುಖ್ಯವಾದ ಇನ್ಸುಲಾ ಎಂಬ ಭಾಗದಲ್ಲಿ ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಹೆಚ್ಚಾಗಿರುವುದು ವರದಿಯಾಯಿತು. ಒಂದು ಕಡೆ ಕೆರಳಿಕೆ ಹೆಚ್ಚು, ಇನ್ನೊಂದು ಕಡೆ ತಡೆ ಕಡಿಮೆ ಎಂಬ ಈ ಚಿತ್ರಣವು ರಕ್ತದ ಹರಿವಿನ ವ್ಯತ್ಯಾಸಗಳಿಗೆ ಹೊಂದಿಕೆಯಾಗುತ್ತದೆ. ಅಂಗಾಂಶದ ಹಾನಿಯಿಂದಲೂ ಅಲ್ಲದ, ನರದ ಹಾನಿಯಿಂದಲೂ ಅಲ್ಲದ ಇಂಥ ನೋವನ್ನು ಸೂಚಿಸಲು ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘವು 2017ರಲ್ಲಿ ‘ನೊಸಿಪ್ಲಾಸ್ಟಿಕ್ ನೋವು’ ಎಂಬ ಪದವನ್ನು ಅಂಗೀಕರಿಸಿತು.

ಮೆದುಳೇ ಎಲ್ಲಕ್ಕೂ ಮೂಲ ಎಂಬ ತೀರ್ಮಾನವೂ ಸರಿಯಲ್ಲ. ಗಣನೀಯ ಸಂಖ್ಯೆಯ ರೋಗಿಗಳ ಚರ್ಮದಲ್ಲಿ ಸೂಕ್ಷ್ಮ ನರತಂತುಗಳು ಕಡಿಮೆಯಾಗಿರುವುದು ಕಂಡುಬಂದಿದೆ. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳ ರಕ್ತದ ಪ್ರತಿಕಾಯಗಳನ್ನು ಇಲಿಗಳಿಗೆ ಚುಚ್ಚಿದಾಗ ಅವುಗಳ ನೋವಿನ ಸಂವೇದನೆ ಹೆಚ್ಚಿತು. ಆ ಪ್ರತಿಕಾಯಗಳು ಮೆದುಳಿನಲ್ಲಿ ಅಲ್ಲ, ಮೆದುಳುಬಳ್ಳಿಯ ಪಕ್ಕದ ನರಗಂಟುಗಳಲ್ಲಿ ಪತ್ತೆಯಾದವು. ಅಂದರೆ ಮೆದುಳಿನ ರಕ್ತದ ಹರಿವಿನ ಬದಲಾವಣೆಯು ನೋವಿನ ಕಾರಣವೂ ಆಗಿರಬಹುದು, ವರ್ಷಗಟ್ಟಲೆ ನೋವನ್ನು ಅನುಭವಿಸಿದುದರ ಪರಿಣಾಮವೂ ಆಗಿರಬಹುದು.

ಮಿತಿಗಳು

ಈ ಅಧ್ಯಯನಗಳನ್ನು ಓದುವಾಗ ಕೆಲವು ಮಿತಿಗಳನ್ನು ನೆನಪಿನಲ್ಲಿಡಬೇಕಾಗುತ್ತದೆ. ಹೆಚ್ಚಿನವುಗಳಲ್ಲಿ ಭಾಗವಹಿಸಿದವರ ಸಂಖ್ಯೆ ಹತ್ತಿಪ್ಪತ್ತರ ಆಸುಪಾಸಿನಲ್ಲಿದೆ. ಬಹುತೇಕರು ಮಹಿಳೆಯರಾದ್ದರಿಂದ ಪುರುಷರ ಬಗ್ಗೆ ದೊರೆಯುವ ಮಾಹಿತಿ ಕಡಿಮೆ. ನೋವು ಮತ್ತು ಖಿನ್ನತೆಗೆ ಸೇವಿಸುವ ಔಷಧಗಳು, ನಿದ್ರೆಯ ಕೊರತೆ, ದೈಹಿಕ ಚಟುವಟಿಕೆ ಕುಗ್ಗಿರುವುದು ಇವೆಲ್ಲವೂ ರಕ್ತದ ಹರಿವನ್ನು ಬದಲಿಸಬಲ್ಲವು. ಅಳೆಯುವ ವಿಧಾನಗಳು ಬೇರೆಬೇರೆಯಾದುದರಿಂದ ಫಲಿತಾಂಶಗಳನ್ನು ನೇರವಾಗಿ ಹೋಲಿಸಲಾಗದು.

ಎಲ್ಲಕ್ಕಿಂತ ಮುಖ್ಯವಾದುದು, ಇಲ್ಲಿ ಹೇಳುವ ವ್ಯತ್ಯಾಸಗಳು ಗುಂಪಿನ ಸರಾಸರಿಗೆ ಸೇರಿದವು. ಒಂದು ತರಗತಿಯ ಸರಾಸರಿ ಎತ್ತರ ಇನ್ನೊಂದಕ್ಕಿಂತ ಹೆಚ್ಚಿದ್ದರೂ, ಒಬ್ಬ ವಿದ್ಯಾರ್ಥಿಯ ಎತ್ತರವನ್ನು ನೋಡಿ ಆತ ಯಾವ ತರಗತಿಯವನೆಂದು ಹೇಳಲಾಗದು. ಅದೇ ರೀತಿ ಒಬ್ಬ ವ್ಯಕ್ತಿಯ ಮೆದುಳಿನ ಚಿತ್ರವನ್ನು ನೋಡಿ ಆತನಿಗೆ ಫೈಬ್ರೊಮಯಾಲ್ಜಿಯಾ ಇದೆ ಅಥವಾ ಇಲ್ಲ ಎಂದು ಹೇಳಲಾಗದು.

ರೋಗಪತ್ತೆಯಲ್ಲಿ ಸ್ಥಾನ

ಫೈಬ್ರೊಮಯಾಲ್ಜಿಯಾದ ಪತ್ತೆಯು ಇಂದಿಗೂ ರೋಗಿಯ ಮಾತನ್ನು ಆಲಿಸುವುದರ ಮೇಲೆ ನಿಂತಿದೆ. ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ 1990ರಲ್ಲಿ ನಿಗದಿಪಡಿಸಿದ ಮಾನದಂಡದಂತೆ ದೇಹದ 18 ನಿರ್ದಿಷ್ಟ ಸ್ಥಳಗಳಲ್ಲಿ ಕನಿಷ್ಠ 11ರಲ್ಲಿ ಒತ್ತಿದಾಗ ನೋವಿರಬೇಕಿತ್ತು. 2010ರ ಮಾನದಂಡವು ಈ ಒತ್ತುಪರೀಕ್ಷೆಯನ್ನು ಬಿಟ್ಟು, 19 ಭಾಗಗಳಲ್ಲಿ ಎಷ್ಟರಲ್ಲಿ ನೋವಿದೆ ಎಂಬುದನ್ನೂ ಆಯಾಸ, ನಿದ್ರೆ, ನೆನಪಿನ ತೊಂದರೆಗಳ ತೀವ್ರತೆಯನ್ನೂ ಅಂಕಗಳ ಮೂಲಕ ಲೆಕ್ಕ ಹಾಕುವ ಕ್ರಮವನ್ನು ತಂದಿತು. ಲಕ್ಷಣಗಳು ಕನಿಷ್ಠ 3 ತಿಂಗಳಿಂದ ಇರಬೇಕು. ಥೈರಾಯ್ಡ್ ಕೊರತೆ, ಸಂಧಿವಾತ ಮುಂತಾದ ಬೇರೆ ಕಾರಣಗಳಿವೆಯೇ ಎಂದು ತಿಳಿಯಲು ರಕ್ತಪರೀಕ್ಷೆ ನಡೆಸಲಾಗುತ್ತದೆ. ಸ್ಪೆಕ್ಟ್, ಪೆಟ್, ಎಫ್‌ಎಂಆರ್‌ಐಗಳು ಈ ಮಾನದಂಡಗಳಲ್ಲಿ ಸೇರಿಲ್ಲ. ಫೈಬ್ರೊಮಯಾಲ್ಜಿಯಾವನ್ನು ಖಚಿತಪಡಿಸುವ ಉದ್ದೇಶಕ್ಕಾಗಿ ಇಂಥ ದುಬಾರಿ ಪರೀಕ್ಷೆಗಳನ್ನು ಮಾಡಿಸುವುದರಿಂದ ರೋಗಿಗೆ ಪ್ರಯೋಜನವಿಲ್ಲ.

ಚಿಕಿತ್ಸೆಗೆ ಸಂಬಂಧ

ಮೆದುಳಿಗೆ ರಕ್ತ ಹೆಚ್ಚಿಸುವ ಔಷಧದಿಂದ ಫೈಬ್ರೊಮಯಾಲ್ಜಿಯಾ ಗುಣವಾಗುತ್ತದೆ ಎಂಬ ಅರ್ಥವನ್ನು ಈ ಅಧ್ಯಯನಗಳು ಕೊಡುವುದಿಲ್ಲ. ಇಲ್ಲಿ ರಕ್ತನಾಳ ಕಟ್ಟಿಕೊಂಡಿರುವುದಿಲ್ಲ. ನರಕೋಶಗಳ ಚಟುವಟಿಕೆ ಬದಲಾದುದರಿಂದ ರಕ್ತದ ಹರಿವು ಬದಲಾಗಿರುತ್ತದೆ ಎಂಬುದೇ ಬಹುಮಟ್ಟಿನ ವ್ಯಾಖ್ಯಾನ. ಆದುದರಿಂದ ಚಿಕಿತ್ಸೆಯ ಗುರಿಯು ನರವ್ಯೂಹದ ಅತಿಸಂವೇದನೆಯನ್ನು ತಗ್ಗಿಸುವುದಾಗಿದೆ. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವು 2017ರಲ್ಲಿ ಪ್ರಕಟಿಸಿದ ಶಿಫಾರಸುಗಳಲ್ಲಿ ಬಲವಾದ ಬೆಂಬಲ ದೊರೆತದ್ದು ವ್ಯಾಯಾಮಕ್ಕೆ ಮಾತ್ರ. ನಡಿಗೆ, ಈಜು ಮೊದಲಾದವನ್ನು ಅಲ್ಪ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಹೆಚ್ಚಿಸುವುದು ಸೂಕ್ತ ಕ್ರಮ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ರೋಗಕ್ಕೆ ಪ್ರಿಗ್ಯಾಬಲಿನ್ ಔಷಧವನ್ನು 2007ರಲ್ಲಿ, ಡುಲೊಕ್ಸೆಟಿನ್ ಔಷಧವನ್ನು 2008ರಲ್ಲಿ, ಮಿಲ್ನಾಸಿಪ್ರಾನ್ ಔಷಧವನ್ನು 2009ರಲ್ಲಿ ಅನುಮೋದಿಸಿತು. ಇವೆಲ್ಲವೂ ನರಸಂದೇಶಗಳ ಮೇಲೆ ಕೆಲಸ ಮಾಡುವಂಥವು, ವೈದ್ಯರ ಸಲಹೆಯಂತೆ ಮಾತ್ರ ಸೇವಿಸಬೇಕಾದವು.

ತಪ್ಪು ತಿಳಿವಳಿಕೆಗಳು

‘ಮೆದುಳಿಗೆ ರಕ್ತ ಕಡಿಮೆ’ ಎಂಬ ಮಾತು ಪಾರ್ಶ್ವವಾಯುವಿನ ಭಯವನ್ನು ಹುಟ್ಟಿಸಬಹುದು. ಪಾರ್ಶ್ವವಾಯುವಿನಲ್ಲಿ ರಕ್ತನಾಳವು ಮುಚ್ಚಿ ಅಥವಾ ಒಡೆದು ನರಕೋಶಗಳು ಸಾಯುತ್ತವೆ. ಫೈಬ್ರೊಮಯಾಲ್ಜಿಯಾದಲ್ಲಿ ಕಾಣುವ ಇಳಿಕೆಯು ಅಂಗಾಂಶವನ್ನು ಕೊಲ್ಲುವ ಮಟ್ಟದ್ದಲ್ಲ. ಆದರೆ ಮುಖದ ಒಂದು ಬದಿ ಜೋಲುವುದು, ಒಂದು ಕೈ ಅಥವಾ ಕಾಲಿನ ಬಲ ಹಠಾತ್ತನೆ ಕುಂದುವುದು, ಮಾತು ತೊದಲುವುದು ಇವು ಫೈಬ್ರೊಮಯಾಲ್ಜಿಯಾದ ಲಕ್ಷಣಗಳಲ್ಲ. ಇವು ಕಂಡಾಗ ಹಳೆಯ ರೋಗದ ಭಾಗವೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

‘ನೋವು ಮೆದುಳಿನಲ್ಲಿದೆ’ ಎಂಬುದನ್ನು ‘ನೋವು ಕಲ್ಪನೆ’ ಎಂದು ತಿಳಿಯುವುದು ಎರಡನೆಯ ತಪ್ಪು. ಮುಳ್ಳು ಚುಚ್ಚಿದ ನೋವೂ ಅರಿವಿಗೆ ಬರುವುದು ಮೆದುಳಿನಲ್ಲೇ. ಯಾವ ನೋವೂ ಇದಕ್ಕೆ ಹೊರತಲ್ಲ.

ಮಹತ್ವ

ಫೈಬ್ರೊಮಯಾಲ್ಜಿಯಾ ಜನಸಂಖ್ಯೆಯ ಶೇಕಡಾ 2ರಿಂದ 4ರಷ್ಟು ಮಂದಿಯನ್ನು ಬಾಧಿಸುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಅವರಲ್ಲಿ ಮಹಿಳೆಯರೇ ಹೆಚ್ಚು. ಹೊರನೋಟಕ್ಕೆ ಆರೋಗ್ಯವಂತರಂತೆ ಕಾಣುವ ಇವರು ಮನೆಯಲ್ಲಿ ಸೋಮಾರಿಗಳೆಂದೂ ಕೆಲಸದ ಸ್ಥಳದಲ್ಲಿ ನೆಪ ಹೇಳುವವರೆಂದೂ ಕರೆಸಿಕೊಂಡು, ಒಬ್ಬ ವೈದ್ಯರಿಂದ ಇನ್ನೊಬ್ಬರಲ್ಲಿಗೆ ಅಲೆಯುವುದು ಹಲವು ದೇಶಗಳಲ್ಲಿ ಕಂಡುಬಂದಿರುವ ಸಂಗತಿ. ಮೆದುಳಿನ ರಕ್ತಪರಿಚಲನೆಯ ಅಧ್ಯಯನಗಳು ಈ ರೋಗಕ್ಕೆ ಒಂದು ಪರೀಕ್ಷೆಯನ್ನಾಗಲಿ ಒಂದು ಮದ್ದನ್ನಾಗಲಿ ನೇರವಾಗಿ ನೀಡಿಲ್ಲ. ಆದರೆ ರೋಗಿಯು ಹೇಳುವ ನೋವಿಗೂ ಆತನ ಮೆದುಳಿನ ಸ್ಪಂದನೆಗೂ ಸಂಬಂಧವಿದೆ ಎಂಬುದನ್ನು ಅವು ತೋರಿಸಿವೆ. ಹೀಗಾಗಿ ರೋಗಿಯ ಮಾತನ್ನು ನಂಬಿ ಚಿಕಿತ್ಸೆಯನ್ನು ಆರಂಭಿಸಲು ಮೆದುಳಿನ ಚಿತ್ರಕ್ಕಾಗಿ ಕಾಯಬೇಕಾದ ಅಗತ್ಯವಿಲ್ಲ.